ಎರಡನೇ ಬ್ರೇಕು

ಲೈಸೆನ್ಸ್ ಕಚೇರಿಯ ಎದುರಿಗೆ ಒಂದು ಕಬ್ಬಿಣದ ಬೆಂಚು. ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರಮ್ಮ ಆ ಬೆಂಚಿನ ಮೇಲೆ ಕೂತು ಪೆಪ್ಪರ್‌ಮಿಂಟ್ ಚೀಪುತ್ತಿದ್ದಾಳೆ ಎಂದರೆ ಅವಳ ಶಿಷ್ಯರು ಯಾರೋ ಪರೀಕ್ಷೆ ಕೊಡುತ್ತಿದ್ದಾರೆ ಎಂದರ್ಥ. ಸಾಮಾನ್ಯವಾಗಿ ಪೆಪ್ಪರ್‌ಮಿಂಟ್ ಕರಗುವುದರೊಳಗೆ ಅವರು ಹಲ್ಲು ಕಿರಿಯುತ್ತಾ ಹಿಂತಿರುಗುತ್ತಿದ್ದರು. ಇವತ್ತು ಅವಳು ಅದನ್ನು ಚೀಪಲಿಲ್ಲ, ಕಟುಂ ಎಂದು ಕಡಿದಳು. ಇವತ್ತು ಪರೀಕ್ಷೆಗೆ ಹೋಗಿದ್ದವಳು ಅವಳ ಹೊಟ್ಟೆಯಲ್ಲೇ ಹುಟ್ಟಿದ ಶಿಷ್ಯೆ.

ಈ ಕಿರಿಮಗಳು ಹುಟ್ಟಿದ್ದು ದೊಡ್ಡವನಿಗೆ ಮೀಸೆ ಚಿಗುರಿ, ನಡುವಿನವಳು ಕನ್ನಡಿ ಬಿಟ್ಟು ಕದಲದ ಕಾಲದಲ್ಲಿ. ಇನ್ನು ಸಾಕು ಎಂದು ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದ ಮೇಲೆ. ಗಾಳಿಪಟದ ಬಾಲಂಗೋಚಿಯ ಹಾಗೆ ಸದಾ ಅಮ್ಮನ ಹಿಂದೆ ಜೋತಾಡುತ್ತಿದ್ದದ್ದರಿಂದ ಅಪ್ಪ ಅವಳನ್ನು ಬಾಲಂಗೋಚಿ ಎಂದು ಕರೆದ. ಬಾಲ್ಯ ಹೋದಂತೆ ಬಾಲವೂ ಉದುರಿ, ಗೋಚಿ ಮಾತ್ರ ಉಳಿಯಿತು.

ಗೋಚಿ ಬೆಳೆದದ್ದು ಕಾರಿನ ಹಿಂದಿನ ಸೀಟಿನಲ್ಲಿ. ಶಾಲೆ ಮುಗಿಸಿ ಅಲ್ಲೇ ಕೂತು ಲೆಕ್ಕ ಮಾಡುತ್ತಾ, ಮುಂದೆ ಕಲಿಯುತ್ತಿದ್ದವರ ಏದುಸಿರು, ಗೊಣಗಾಟ, ಗೇರು ಬೀಳದಾಗ ಅವರು ಎಳೆಯುವ 'ಅಯ್ಯಯ್ಯಯ್ಯ' ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು, ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರನ್ನೇ ಅವರದೇ ದನಿಯಲ್ಲಿ ಬಡಿಸುತ್ತಿದ್ದಳು. ಕಾರು ಗಕ್ಕನೆ ನಿಂತಾಗಲೆಲ್ಲ ಮೇಷ್ಟ್ರಮ್ಮನ ಒಂದು ಕೈ ತಾನಾಗಿ ಹಿಂದಕ್ಕೆ ಚಾಚಿ ಮಗುವಿನ ಎದೆಯನ್ನು ಹಿಡಿಯುತ್ತಿತ್ತು. ಮಗು ಕೈಗೆ ಎಟುಕದಷ್ಟು ದೊಡ್ಡದಾದ ಮೇಲೂ ಆ ಕೈ ಎಷ್ಟೋ ದಿನ ಸುಮ್ಮನೆ ಗಾಳಿಯನ್ನು ಹಿಡಿದು ವಾಪಸು ಬರುತ್ತಿತ್ತು.

ಕಚೇರಿಯ ಕಾರು ತಿರುವಿನಲ್ಲಿ ಕಾಣಿಸಿತು. ಹೋಗುವಾಗ ಸ್ಟೀರಿಂಗಿನ ಹಿಂದೆ ಗೋಚಿ ಇದ್ದಳು. ಬರುವಾಗ ಪರೀಕ್ಷಕ ಇದ್ದ. ಇನ್ನು ಫಲಿತಾಂಶ ಕೇಳುವ ಅಗತ್ಯವಿರಲಿಲ್ಲ.

ಮೇಷ್ಟ್ರಮ್ಮನ ಎದೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು ಮುಂಬಾಗಿಲಿನಿಂದ ಬಂತು: ಅಯ್ಯೋ ಪಾಪ ನನ್ನ ಕಂದ. ಇನ್ನೊಂದು ಹಿತ್ತಲ ಬಾಗಿಲಿನಿಂದ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬಂತು: ಹಾಗಾದರೆ ಇವಳು ಈಗಲೇ ಹೋಗುವುದಿಲ್ಲ.

ಗೋಚಿ ಹೋಗಬೇಕಾಗಿದ್ದದ್ದು ಬೆಟ್ಟದ ಆಚೆಯ ಊರಿಗೆ. ದನ ಕುರಿಗಳ ಆರೈಕೆಯ ಕೋರ್ಸು ಮುಗಿಸಿದ್ದವಳಿಗೆ ಅಲ್ಲಿನ ಪಶು ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಷರತ್ತು ಒಂದೇ. ಅಲ್ಲಿನ ಡಾಕ್ಟರಮ್ಮನ ಮೊಣಕಾಲು ಕೈಕೊಟ್ಟಿತ್ತು. ಹೊಲದಿಂದ ಹೊಲಕ್ಕೆ ಔಷಧಿಯ ವ್ಯಾನು ಓಡಿಸಲು ಜನ ಬೇಕಿತ್ತು. ಲೈಸೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಮುಂದಿನವರಿಗೆ.

"ಇನ್ನೊಂದು ಪರೀಕ್ಷೆವರೆಗೂ ಕಾಯ್ತಾರಂತೆ," ಎಂದಳು ಗೋಚಿ ಮನೆಯಲ್ಲಿ, ಪಶು ಆಸ್ಪತ್ರೆಗೆ ಮಾಡಿದ ಫೋನು ಕೆಳಗಿಟ್ಟು. "ಮುಂದಿನ ತಿಂಗಳು. ಅದಾದ್ಮೇಲೆ ಇಲ್ಲ. ಕರು ಹಾಕೋ ಕಾಲ ಅಂತೆ, ಹಸುಗಳಿಗೆ ತಡ್ಕೊಳ್ಳಿ ಅನ್ನೋಕಾಗಲ್ಲ ಅಂದ್ರು."

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಅವನು ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಯಾರದೋ ಕೋಟಿನ ತೋಳನ್ನು ಸಮಾಧಾನಪಡಿಸುತ್ತಿದ್ದ.

"ಹುಂ ಹುಮ್ಮುಮ್?" ಎಂದ.

"ಏನಾಯ್ತು ಅಂತ ಕೇಳ್ತಿದಾರೆ," ಎಂದಳು ಮೇಷ್ಟ್ರಮ್ಮ. ಮೂವತ್ತೈದು ವರ್ಷ ಪಿನ್ನಿನ ಭಾಷೆ ಕೇಳಿದ್ದವಳಿಗೆ ಅನುವಾದ ಸಲೀಸು.

ಗೋಚಿ ಎದ್ದು ನಿಂತಳು. ಭುಜ ಇಳಿಬಿಟ್ಟು, ರೆಪ್ಪೆ ಅರ್ಧ ಮುಚ್ಚಿ, ಕ್ಷಣದಲ್ಲಿ ಪರೀಕ್ಷಕನಾದಳು. ಊರು ಅವನಿಗೆ ನಿಧಾನಯ್ಯ ಎಂದು ಹೆಸರಿಟ್ಟಿತ್ತು. ಅವನು ಒಂದು ವಾಕ್ಯ ಶುರುಮಾಡಿದರೆ ಮುಗಿಯುವುದರೊಳಗೆ ಒಂದು ಬಟ್ಟೆ ಒಣಗಿಸಬಹುದಿತ್ತು.

"ಔಷಧಿ ಅಂಗ…ಡಿ ಇಳಿಜಾ…ರಲ್ಲಿ ಬಿಳೀ ಗೆ…ರೆ ಬರುತ್ತೆ ತಾ…ಯಿ. ಅಲ್ಲಿ ನಿಲ್ಲಿ…ಸಿ. ನಿಲ್ಲಿ…ಸಿ. ನಿಲ್ಲಿ… ಅಂತ ಮೂರನೇದು ಮುಗಿಯೋಷ್ಟರಲ್ಲಿ ನಾವು ಗೆರೆ ದಾಟಿ ಅಂಗಡಿ ಮೆಟ್ಟಿಲ ಹತ್ರ ಇದ್ವಿ. ಕೊನೆಗೆ ಅವರೇ ಅವರ ಕಡೆ ಬ್ರೇಕ್ ಒತ್ತಿದ್ರು. ಅದೊಂದು ಮಾತ್ರ ಬೇಗ ಮಾಡಿದ್ರು."

ಟೈಲರ್ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡ. "ಔಷಧಿ ಅಂಗಡಿ ಮುಂದೆನೇ ನಿಂತಿದ್ದು ಒಳ್ಳೇದಾಯ್ತು ಬಿಡು. ಪಾಪ, ಅವರಿಗೆ ಬೇಕಾಗಿರುತ್ತೆ."

"ನೀನ್ಯಾಕೆ ಒತ್ತಲಿಲ್ಲ?" ಎಂದಳು ಮೇಷ್ಟ್ರಮ್ಮ.

"ಒತ್ತಿದೆನಮ್ಮ. ಆ ಕಾರಿಂದು ಬ್ರೇಕಲ್ಲ, ಬಂಡೆ. ನಮ್ಮ ಕಾರಿಂದು ಬೆಣ್ಣೆ. ಕಾಲಿಟ್ರೆ ಸಾಕು ತಾನೇ ಇಳಿಯುತ್ತೆ."

"ಕಚೇರಿ ಕಾರುಗಳೇ ಹಾಗೆ. ಗ್ಯಾರೇಜಿನ ಮುಖ ನೋಡಿ ಯಾವ ಕಾಲ ಆಯ್ತೋ," ಎಂದು ಮೇಷ್ಟ್ರಮ್ಮ ತೀರ್ಪು ಕೊಟ್ಟಳು. ಆದರೂ ಮುಖ ಸಪ್ಪಗಿತ್ತು. ನಾಳೆ ಬೀದಿಯಲ್ಲಿ ಜನ ಏನೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು: ದೀಪದ ಬುಡದಲ್ಲೇ ಕತ್ತಲೆ.

ಅವಳ ಹೆಮ್ಮೆಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕಲಿಸುವ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಗುರುಗಳ ಕಾಲಡಿ. ನಡುವೆ ಒಂದು ಸರಳು. ಇದು ತಗ್ಗಿದರೆ ಅದೂ ತಗ್ಗುತ್ತದೆ, ಹೊಸದಾಗಿ ಮದುವೆಯಾದವರ ಹಾಗೆ. ಊರಿನ ಇನ್ನೊಬ್ಬ ಮೇಷ್ಟ್ರು ಪಾಠದುದ್ದಕ್ಕೂ ಆ ಎರಡನೇ ಬ್ರೇಕಿನ ಮೇಲೇ ನಿಂತಿರುತ್ತಾನೆ ಎಂದು ಪ್ರತೀತಿ. ನಮ್ಮ ಮೇಷ್ಟ್ರಮ್ಮ ಹಾಗಲ್ಲ. "ನನ್ನ ಬ್ರೇಕು ಇರೋದು ಬಾಯಲ್ಲಿ. ಕಾಲಿಂದು ಬರೀ ಶೋಕಿಗೆ," ಎನ್ನುತ್ತಿದ್ದಳು. ಅವಳ ಕೈಕೆಳಗೆ ಕಲಿತವರು ನಿಜವಾಗಿ ಕಲಿತದ್ದು ಅವಳ ನಾಲಿಗೆಯ ಕೆಳಗೆ. "ಕನ್ನಡಿ ನೋಡಿ ಅಂದ್ರೆ ಕನ್ನಡೀಲಿ ನಿಮ್ಮನ್ನಲ್ಲ ಸ್ವಾಮಿ, ಹಿಂದಿನ ಲಾರಿನ." "ಕ್ಲಚ್ಚು ಸಂಬಂಧ ಇದ್ದ ಹಾಗೆ. ಬಿಡೋದಾದ್ರೆ ಮೆಲ್ಲಗೆ ಬಿಡಬೇಕು, ದಡಕ್ಕಂತ ಬಿಟ್ರೆ ಎಂಜಿನ್ನೇ ನಿಂತುಹೋಗುತ್ತೆ." ಇಂಥವು ಊರಿನಲ್ಲಿ ಗಾದೆಗಳಾಗಿ ಚಾಲ್ತಿಯಲ್ಲಿದ್ದವು.

ಸಂಜೆ ನಡುವಿನವಳು ಫೋನು ಮಾಡಿದಳು. ದೂರದ ನಗರದಲ್ಲಿ ನರ್ಸು. "ಅಮ್ಮ, ಗೋಚಿಗೆ ಸರಿಯಾಗಿ ಬೈತಿದೀಯಾ ತಾನೆ?"

"ಅವಳಿಗೆ ಬೈಯೋ ಪ್ರಸಂಗನೇ ಬರಲ್ಲ ಕಣೇ. ಎಷ್ಟು ನಯವಾಗಿ ನಿಲ್ಲಿಸ್ತಾಳೆ ಗೊತ್ತಾ, ಲೋಟದಲ್ಲಿ ನೀರು ಇಟ್ರೆ ತುಳುಕಲ್ಲ."

"ಹೌದಾ? ನನಗೆ ಕಲಿಸುವಾಗ ನೀನು ಕೂಗಿದ್ದಕ್ಕೆ ಕಾರಿನ ಹಾರನ್ನೇ ಬೇಕಿರಲಿಲ್ಲ. ಅಣ್ಣನ್ನಂತೂ ನಡುರಸ್ತೇಲಿ ಇಳಿಸಿ ಹೋಗಿದ್ದೆ. ಇವಳೊಬ್ಬಳೇ ಹುಟ್ಟುತ್ತಲೇ ಚಾಲಕಿನಾ?"

"ಚಾಲಕಿ ಆಗೋಕೆ ಮುಂಚೆ ಚಾಲಾಕಿ ಆಗಿದ್ದಾಳೆ, ಅಷ್ಟೇ," ಎಂದು ಟೈಲರ್ ಒಳಗಿಂದ ಕೂಗಿದ.

ಮಾರನೆಯ ದಿನದಿಂದ ಪಾಠ ಇಮ್ಮಡಿಯಾಯಿತು. ಮುಂಜಾನೆ ಗೋಚಿಯ ಸರದಿ, ಅವಳ ಹಿಂದೆಯೇ ಬೇಕರಿಯಣ್ಣನ ಸರದಿ. ಬೇಕರಿಯಣ್ಣನಿಗೆ ಐವತ್ತು ದಾಟಿತ್ತು. ಬೆಳಗಿನ ಬ್ರೆಡ್ಡು ಹಂಚುತ್ತಿದ್ದ ಭಾವಮೈದುನ ಜಗಳವಾಡಿ ಬಿಟ್ಟುಹೋಗಿದ್ದರಿಂದ ಈ ವಯಸ್ಸಿನಲ್ಲಿ ಕಲಿಯಲು ಬಂದಿದ್ದ. ಹಿಟ್ಟು ನಾದಿದ ಕೈ, ಸ್ಟೀರಿಂಗನ್ನೂ ನಾದುತ್ತಿದ್ದ. ಟೈಲರ್ ಬಾಗಿಲಲ್ಲಿ "ಬನ್ನಿ ಬನ್ನಿ" ಎಂದಾಗಲೆಲ್ಲ "ತಂದಿದೀನಿ, ತಂದಿದೀನಿ" ಎಂದು ಬನ್ನಿನ ಪೊಟ್ಟಣ ಕೊಡುತ್ತಿದ್ದ. ಇಬ್ಬರೂ ದಿನಾ ಅದೇ ಹಾಸ್ಯಕ್ಕೆ ದಿನಾ ಹೊಸದಾಗಿ ನಗುತ್ತಿದ್ದರು.

ಒಂದು ದಿನ ಸಮಯ ಉಳಿಸಲೆಂದು ಮೇಷ್ಟ್ರಮ್ಮ ಅವನನ್ನು ಮೊದಲೇ ಹತ್ತಿಸಿಕೊಂಡು ಹಿಂದಿನ ಸೀಟಿನ ನಡುವೆ ಕೂರಿಸಿದಳು. ಗೋಚಿ ಓಡಿಸಿದಳು. ಆಸ್ಪತ್ರೆಯ ಮೂಲೆ, ಶಾಲೆಯ ಮುಂದಿನ ಉಬ್ಬು, ಔಷಧಿ ಅಂಗಡಿಯ ಇಳಿಜಾರು. ಬಿಳಿ ಗೆರೆಗೆ ಒಂದು ಗೇಣು ಮೊದಲೇ ಕಾರು ಹೂವಿನ ಹಾಗೆ ನಿಂತಿತು.

"ನೋಡಿದಿರಾ?" ಎಂದಳು ಮೇಷ್ಟ್ರಮ್ಮ, ಹಿಂದಕ್ಕೆ ತಿರುಗಿ. "ನಿಲ್ಲಿಸೋದು ಅಂದ್ರೆ ಹೀಗೆ. ನೀವು ನಿಲ್ಲಿಸಿದ್ರೆ ನನ್ನ ಹಲ್ಲಿನ ಸೆಟ್ಟು ಮುಂದಿನ ಗಾಜಿಗೆ ಅಂಟ್ಕೊಳ್ಳುತ್ತೆ."

ಬೇಕರಿಯಣ್ಣ ಗಂಟಲು ಸರಿಮಾಡಿಕೊಂಡ. "ಮೇಷ್ಟ್ರಮ್ಮ, ಒಂದು ಮಾತು. ಬೇಜಾರು ಮಾಡ್ಕೋಬಾರ್ದು."

"ಹೇಳಿ."

"ಇದು ಸರಿಯಲ್ಲ. ಮಗಳಿಗಾದ್ರೆ ಕಾಲಲ್ಲಿ ಸಹಾಯ, ನನಗೆ ಬರೀ ಬಾಯಲ್ಲಿ ಬೈಗಳು. ಫೀಸು ಕೊಡೋನು ನಾನಲ್ವಾ?"

"ಕಾಲಲ್ಲಿ ಏನ್ ಸಹಾಯ?"

"ನೀವು ಆ ಕಡೆ ಬ್ರೇಕ್ ಹಾಕ್ತೀರಲ್ಲ. ಆಸ್ಪತ್ರೆ ಹತ್ರ ಹಾಕಿದ್ರಿ, ಉಬ್ಬಿನ ಹತ್ರ ಹಾಕಿದ್ರಿ, ಇಲ್ಲೂ ಹಾಕಿದ್ರಿ. ನನಗೆ ಇಲ್ಲಿಂದ ಎಲ್ಲ ಕಾಣುತ್ತೆ."

"ನಾನು ಎಲ್ಲಿ ಹಾಕಿದೆ ಮಾರಾಯರೇ," ಎಂದು ಮೇಷ್ಟ್ರಮ್ಮ ನಗುತ್ತಾ ಕೆಳಗೆ ನೋಡಿದಳು. ನಗು ಅಲ್ಲಿಗೇ ನಿಂತಿತು. ಎರಡನೇ ಬ್ರೇಕು ತಳ ಮುಟ್ಟಿತ್ತು. ಅದರ ಮೇಲೆ ಒಂದು ಪಾದವಿತ್ತು. ಶೂ ಅವಳದೇ, ಕಾಲುಚೀಲ ಅವಳದೇ, ಪಾದವೂ ಅವಳದೇ. ಅಪ್ಪಣೆ ಮಾತ್ರ ಅವಳು ಕೊಟ್ಟದ್ದಲ್ಲ.

ಹಿಂದಿನಿಂದ ಯಾರೋ ಹಾರನ್ನು ಬಾರಿಸಿದರು. ಗೋಚಿ ಕಾರನ್ನು ತಿರುಗಿಸಿ ಇನ್ನೊಂದು ಸುತ್ತು ಹಾಕಿಸಿ ಅದೇ ಇಳಿಜಾರಿಗೆ ತಂದಳು. "ಅಮ್ಮ, ಕಾಲು ಹಿಂದಕ್ಕೆ ಎಳ್ಕೋ. ಸೀಟಿಗೆ ತಾಗಿಸ್ಕೋ."

ಮೇಷ್ಟ್ರಮ್ಮ ಎಳೆದುಕೊಂಡಳು. ಹಲ್ಲು ಕಚ್ಚಿ ಗಟ್ಟಿಯಾಗಿ ಕೂತಳು. ಬಿಳಿ ಗೆರೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಕಾಲು ತನ್ನಷ್ಟಕ್ಕೆ, ಅಂಬೆಗಾಲಿಡುವ ಮಗು ಮೆಟ್ಟಿಲ ಕಡೆ ಹೋಗುವ ಹಾಗೆ, ಮುಂದಕ್ಕೆ ಹರಿದು ಹೋಗಿ ಬ್ರೇಕಿನ ಮೇಲೆ ಕೂತಿತು. ಕಾರು ಹೂವಿನ ಹಾಗೆ ನಿಂತಿತು.

ಗೋಚಿ ಕೈಬ್ರೇಕು ಎಳೆದು, ಸೀಟಿನ ಪಟ್ಟಿ ಬಿಚ್ಚಿ, ಇಳಿದಳು. "ಬೇಕರಿಯಣ್ಣ, ನಿಮ್ಮ ಸರದಿ. ಬೈಸ್ಕೊಳ್ಳಿ, ಪುಣ್ಯವಂತರು." ಅಷ್ಟು ಹೇಳಿ ಕಾಲುದಾರಿ ಹಿಡಿದು ಮನೆಯ ಕಡೆ ನಡೆದಳು.

ಗೋಚಿ ಯಾರದಾದರೂ ದನಿಯಲ್ಲಿ ಮಾತಾಡುತ್ತಿದ್ದರೆ ಮನೆ ಕ್ಷೇಮ. ಸ್ವಂತ ದನಿಯಲ್ಲಿ ಮಾತಾಡಿದರೆ ಎಲ್ಲರೂ ಹುಷಾರಾಗುತ್ತಿದ್ದರು. ಮೇಷ್ಟ್ರಮ್ಮ ಮನೆಗೆ ಬಂದಾಗ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಸ್ವಂತ ದನಿಯಲ್ಲಿ ಕಾಯುತ್ತಿದ್ದಳು.

"ನನಗೆ ಬ್ರೇಕ್ ಹಾಕೋಕೆ ಬರುತ್ತೆ ಅಂದ್ಕೊಂಡಿದ್ದೆ."

"ಬರುತ್ತೆ ಕಣೇ—"

"ಒಂದು ದಿನನಾದ್ರೂ ನಾನೇ ಹಾಕಿದೀನಾ? ಕಾಲಿಟ್ಟ ತಕ್ಷಣ ಇಳೀತಿತ್ತಲ್ಲ, ಎಷ್ಟು ಒಳ್ಳೆ ಬ್ರೇಕು ಅಂತ ಖುಷಿಪಡ್ತಿದ್ದೆ. ಪೆದ್ದಿ ಹಾಗೆ."

"ನನಗೂ ಗೊತ್ತಿರಲಿಲ್ಲ ಗೋಚಿ. ನಿನ್ನಾಣೆ."

"ಅದೇ ನನಗೆ ಭಯ. ಬೇಕು ಅಂತ ಮಾಡಿದ್ರೆ ಜಗಳ ಆಡಿ ಮುಗಿಸಬಹುದಿತ್ತು." ಅವಳು ಲೋಟ ತೊಳೆದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ಇನ್ನೇನೇನು ನೀನೇ ಮಾಡಿಕೊಟ್ಟು ನಾನು ಮಾಡಿದೆ ಅಂದ್ಕೊಂಡಿದೀನಿ, ಹೇಳು. ಆ ಊರಲ್ಲಿ ಹಸು ಒದ್ದಾಡ್ತಿರುತ್ತೆ, ಕತ್ಲಾಗಿರುತ್ತೆ, ಪಕ್ಕದಲ್ಲಿ ನೀನಿರಲ್ಲ. ಆಗ ಗೊತ್ತಾಗ್ಬೇಕಾ ನನಗೆ, ಇದು ಬರಲ್ಲ ಅದು ಬರಲ್ಲ ಅಂತ?"

ಮೇಷ್ಟ್ರಮ್ಮನ ಬಾಯಿಯ ಬ್ರೇಕು ಅಂದು ಮೊದಲ ಸಲ ಅವಳ ಬಾಯಿಗೇ ಬಿತ್ತು.

"ಇನ್ನೊಬ್ಬ ಮೇಷ್ಟ್ರ ಹತ್ರ ಹೋಗ್ತೀನಿ," ಎಂದಳು ಗೋಚಿ, ಲೋಟವನ್ನು ಕವುಚಿಟ್ಟು.

"ಅವನ ಹತ್ರನಾ. ಅವನು ಬ್ರೇಕಿಂದ ಕಾಲು ತೆಗೆಯೋದು ಶೂ ಬದಲಾಯಿಸೋಕೆ ಮಾತ್ರ."

ಗೋಚಿಗೆ ನಗು ಬಂತು. ಅದನ್ನು ನುಂಗಿಕೊಂಡು ಮಹಡಿಗೆ ಹೋದಳು.

ಮುಂದಿನ ಕೋಣೆಯಲ್ಲಿ ಟೈಲರ್ ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೈಹೊಲಿಗೆ ಹಾಕುತ್ತಿದ್ದ. ನಾಜೂಕಿನ ಕೆಲಸವೆಲ್ಲ ಅವನು ಹಾಗೆ ಕೂತೇ ಮಾಡುವುದು. ತೊಡೆಯ ಮೇಲೆ ಗೋಚಿಯ ಪ್ಯಾಂಟು ಇತ್ತು. ಅವಳು ಕೆಲಸಕ್ಕೆ ಹಾಕಿಕೊಂಡು ಹೋಗಲಿರುವ ದಪ್ಪ ನೀಲಿ ಬಟ್ಟೆ.

"ಎಲ್ಲ ಕೇಳಿಸ್ತು," ಎಂದ. ಬಾಯಲ್ಲಿ ಪಿನ್ನಿರಲಿಲ್ಲ.

ಮೇಷ್ಟ್ರಮ್ಮ ಎದುರಿನ ಸ್ಟೂಲಿನ ಮೇಲೆ ಕೂತಳು. ಮೇಲಿನ ಕೋಣೆಯಲ್ಲಿ ಗೋಚಿ ಏನನ್ನೋ ಎಳೆಯುವ ಸದ್ದು. ಪೆಟ್ಟಿಗೆಯಿರಬೇಕು.

"ಅವಳು ಫೇಲಾದಾಗ ನನಗೆ ಖುಷಿಯಾಯ್ತು ಕಣ್ರೀ. ಒಂದು ಚಿಟಿಕೆ."

"ನನಗೆ ಎರಡು ಚಿಟಿಕೆ. ನಾನು ಊರಿಗೆಲ್ಲ ಹೇಳ್ಕೊಂಡು ಬಂದೆನಾ?"

"ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ. ನೋಡು ಇಲ್ಲಿ." ಅವನು ಪ್ಯಾಂಟಿನ ಅಂಚನ್ನು ಮಗುಚಿ ತೋರಿಸಿದ. "ಬೆಳೆಯೋ ಮಕ್ಕಳ ಬಟ್ಟೆಗೆ ಒಳಗೆ ಮಡಿಕೆ ಬಿಡ್ತೀನಿ. ಉದ್ದ ಆದಾಗ ಬಿಚ್ಚೋಕೆ. ಇವಳ ಅಣ್ಣ, ಅಕ್ಕ, ಇವಳು, ಎಲ್ಲರಿಗೂ ಬಿಟ್ಟು ಬಿಟ್ಟು ಅಭ್ಯಾಸ. ಈ ಪ್ಯಾಂಟಿಗೂ ಬಿಟ್ಟಿದ್ದೆ. ಇವತ್ತು ಅಳತೆ ಹಿಡಿದ್ರೆ ಕಾಲು ಹೋದ ವರ್ಷದ್ದೇ. ಇನ್ನು ಬೆಳೆಯಲ್ಲ. ಅದಕ್ಕೇ ಮಡಿಕೆ ಕತ್ತರಿಸಿ ಹಾಕ್ತಿದೀನಿ. ಸುಮ್ನೆ ಭಾರ, ನಡೆಯುವಾಗ ಅಡ್ಡ."

ಕತ್ತರಿಸಿದ ನೀಲಿ ಪಟ್ಟಿ ಮೇಜಿನ ಮೇಲಿತ್ತು. ಅವನು ಅದನ್ನು ಎಸೆದಿರಲಿಲ್ಲ. ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದ.

"ನಿಮಗೆ ಸುಲಭ. ಕತ್ತರಿ ಕೈಯಲ್ಲಿದೆ," ಎಂದಳು ಮೇಷ್ಟ್ರಮ್ಮ. "ನನ್ನ ಕಾಲು ಮಾತು ಕೇಳಲ್ಲ. ಆ ಬ್ರೇಕು ಬಿಚ್ಚಿ ಇಡೋಣ ಅಂದ್ರೆ ಕಾನೂನು ಬಿಡಲ್ಲ. ಹಿಂದೆ ಕೂರೋಣ ಅಂದ್ರೆ ಅದಕ್ಕೂ ಬಿಡಲ್ಲ."

"ನಿನಗೆ ಬಿಡೋದೇ ಬರಲ್ಲ, ಇನ್ನು ಕಾನೂನಿಗೆ ಯಾಕೆ ಬೈತೀಯ," ಎಂದು ಟೈಲರ್ ದಾರ ಕಡಿದ. ನಂತರ ಮಡಚಿದ ಮೊಣಕಾಲನ್ನು ನೀವಿಕೊಂಡು, "ಅಬ್ಬಾ, ಒಂದು ಗಳಿಗೆ ಹೀಗೆ ಕೂತ್ರೆ ಸಾಕು, ಇವು ನನ್ನ ಕಾಲುಗಳೇ ಅಲ್ಲ ಅನ್ನಿಸುತ್ತೆ. ಎದ್ದು ಬಾಗಿಲು ಹಾಕು ಅಂದ್ರೂ ಏಳಲ್ಲ," ಎಂದ.

ಮೇಷ್ಟ್ರಮ್ಮ ಗಂಡನ ಮುಖ ನೋಡಲಿಲ್ಲ. ಅವನ ಕಾಲುಗಳನ್ನೇ ನೋಡುತ್ತಾ ಕೂತಳು.

ಮರುದಿನ ಮುಂಜಾನೆ ಗೋಚಿ ಕಾರಿನ ಬಾಗಿಲು ತೆಗೆದಾಗ ಅಮ್ಮ ಆಗಲೇ ಪಕ್ಕದ ಸೀಟಿನಲ್ಲಿದ್ದಳು. ಶೂ ಎರಡೂ ಕಳಚಿ ಕೆಳಗಿಟ್ಟಿದ್ದಳು. ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ, ಕಾಲಿನ ಮೇಲೆ ಕಾಲು ಹೆಣೆದು, ಸೊಂಟಕ್ಕೆ ಪಟ್ಟಿ ಬಿಗಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ಇದೇನಮ್ಮ, ಸನ್ಯಾಸನಾ?"

"ಓಡಿಸು."

"ಬೀದಿಯವರು ನೋಡ್ತಾರೆ."

"ನೋಡ್ಲಿ. ಕನ್ನಡಿ ನೋಡು ನೀನು."

ಆಸ್ಪತ್ರೆಯ ಮೂಲೆಯಲ್ಲಿ ಕಾರು ಎರಡು ಮಾರು ಮುಂದೆ ಹೋಗಿ ನಿಂತಿತು. ಶಾಲೆಯ ಉಬ್ಬಿನಲ್ಲಿ ನಿಲ್ಲಲೇ ಇಲ್ಲ, ಹಾರಿತು. ಮೇಷ್ಟ್ರಮ್ಮ ಚಕ್ಕಂಬಕ್ಕಳ ಸಮೇತ ಮೇಲೆದ್ದು ಕೂತಳು. ಹೆಣೆದ ಕಾಲುಗಳು ಒಳಗೊಳಗೇ ಒದ್ದಾಡುತ್ತಿದ್ದವು, ಗೋಣಿಚೀಲದಲ್ಲಿ ಕಟ್ಟಿದ ಬೆಕ್ಕಿನ ಹಾಗೆ. ಅವಳು ಎರಡು ಕೈಯಲ್ಲೂ ಮೊಣಕಾಲುಗಳನ್ನು ಒತ್ತಿ ಹಿಡಿದಳು. ಔಷಧಿ ಅಂಗಡಿಯ ಇಳಿಜಾರು ಬಂತು. ಬಿಳಿ ಗೆರೆ ಬಂತು. ಗೋಚಿಯ ಪಾದ ಬ್ರೇಕಿನ ಮೇಲೆ ಎಂದಿನ ಹಾಗೆ ಹಗುರವಾಗಿ ಕೂತಿತು. ಕಾರು ಎಂದಿನ ಹಾಗೆ ನಿಲ್ಲಲಿಲ್ಲ.

"ಒತ್ತೇ," ಎಂದಳು ಮೇಷ್ಟ್ರಮ್ಮ. "ಒತ್ತು ಅಂದ್ರೆ ಒತ್ತು ಕಣೇ ಕತ್ತೆ, ಅದೇನು ಬೆಕ್ಕಿನ ಬೆನ್ನಾ ಸವರೋಕೆ? ಹೊಸಕಿ ಹಾಕು ಅದನ್ನ. ನಿನ್ನ ವಯಸ್ಸಿಗೆ ನಾನು ಲಾರಿ ನಿಲ್ಲಿಸ್ತಿದ್ದೆ. ಕಾಲಲ್ಲಿ ಮೂಳೆ ಇದೆಯೋ ಇಲ್ವೋ, ಅಥವಾ ಅದನ್ನೂ ನಾನೇ ಹಾಕ್ಬೇಕೋ?"

ಕಾರು ಗಕ್ಕನೆ ನಿಂತಿತು. ಎಂಜಿನ್ನೂ ನಿಂತಿತು. ಮುಂದಿನ ಚಕ್ರಗಳು ಗೆರೆಯ ಮೇಲಿದ್ದವು, ಆಚೆಯಲ್ಲ. ಔಷಧಿ ಅಂಗಡಿಯವನು ಶಟರು ಅರ್ಧ ಎತ್ತಿ ಹಿಡಿದವನು ಹಾಗೇ ಬಗ್ಗಿ ನೋಡುತ್ತಿದ್ದ.

ಗೋಚಿ ಎರಡು ಉಸಿರು ತೆಗೆದುಕೊಂಡು ಅಮ್ಮನ ಕಡೆ ತಿರುಗಿದಳು. ಮುಖವೆಲ್ಲ ಹೊಳೆಯುತ್ತಿತ್ತು. "ಅಮ್ಮ. ನನಗೆ ಬೈದೆ."

"ಬೈದೆ. ಏನೀಗ?"

"ಏನಿಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳ್ಬೇಕು."

"ಆಮೇಲೆ ಹೇಳುವಿಯಂತೆ. ಮೊದಲು ಇನ್ನೊಂದು ಸುತ್ತು. ಈ ಸಲ ಗೆರೆ ಮೇಲೆ ಅಲ್ಲ, ಗೆರೆ ಹಿಂದೆ."

ಅವತ್ತು ಅವರು ಆ ಇಳಿಜಾರನ್ನು ಎಷ್ಟು ಸಲ ಇಳಿದರೋ, ಔಷಧಿ ಅಂಗಡಿಯವನು ಕೊನೆಗೆ ಸ್ಟೂಲು ಹಾಕಿಕೊಂಡು ಹೊರಗೇ ಕೂತ. ಪಾಠ ಮುಗಿದಾಗ ಮೇಷ್ಟ್ರಮ್ಮನ ಎರಡು ಕಾಲೂ ಜೋಮು ಹಿಡಿದು ಮರದ ತುಂಡಾಗಿದ್ದವು. ಇಳಿಯಲು ಹೋದವಳು ಬಾಗಿಲನ್ನು ಹಿಡಿದು ಅಲ್ಲೇ ನಿಂತುಬಿಟ್ಟಳು. ಗೋಚಿ ಸುತ್ತಿ ಬಂದು ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದಳು. ಮಗಳ ಹಿಡಿತ ಗಟ್ಟಿಯಾಗಿತ್ತು. ಕೋರ್ಸಿನಲ್ಲಿ ಇವಳಿಗೆ ಕರು ಎತ್ತುವುದನ್ನು ಕಲಿಸಿದ್ದಾರೆ ಎಂಬುದು ಮೇಷ್ಟ್ರಮ್ಮನಿಗೆ ಆಗ ನೆನಪಾಯಿತು. ಅದನ್ನು ಕಲಿಸಿದ್ದು ತಾನಲ್ಲ ಎಂಬುದೂ ನೆನಪಾಯಿತು. ಅದೇಕೋ ಅಷ್ಟು ಬೇಸರವೆನಿಸಲಿಲ್ಲ.

"ನಿಧಾ…ನ ತಾ…ಯಿ," ಎಂದಳು ಗೋಚಿ, ಪರೀಕ್ಷಕನ ದನಿಯಲ್ಲಿ. "ಬಲಗಾ…ಲು ಮೊದಲು."

ಆ ದನಿ ಕೇಳಿದ ಮೇಲೆ ಮನೆ ಕ್ಷೇಮವೆಂದು ಗೊತ್ತಾಯಿತು.

ಎರಡನೇ ಪರೀಕ್ಷೆಯ ದಿನ ಕಬ್ಬಿಣದ ಬೆಂಚು ತಣ್ಣಗಿತ್ತು. ಮೇಷ್ಟ್ರಮ್ಮ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡಳೇ ಹೊರತು ಕಡಿಯಲೂ ಇಲ್ಲ, ಚೀಪಲೂ ಇಲ್ಲ. ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ತಿರುವನ್ನೇ ನೋಡಿದಳು. ಕಾರು ಬಂತು. ಸ್ಟೀರಿಂಗಿನ ಹಿಂದೆ ಗೋಚಿ ಇದ್ದಳು. ಪಕ್ಕದಲ್ಲಿ ನಿಧಾನಯ್ಯ ತಲೆಯ ಮೇಲಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದ.

"ಪಾ…ಸು," ಎಂದ ಅವನು ಇಳಿದು, ಅಂಗಿ ಸರಿಮಾಡಿಕೊಳ್ಳುತ್ತಾ. "ಬ್ರೇ…ಕು ಸ್ವಲ್ಪ ಜಾ…ಸ್ತಿನೇ ಹಾಕ್ತಾ…ಳೆ. ಹಾಕ್ದೇ ಇರೋದ…ಕ್ಕಿಂತ ಮೇ…ಲು ಬಿಡಿ. ಅಂದ…ಹಾಗೆ ಮೇಷ್ಟ್ರ…ಮ್ಮ, ಬಂಡೆ…ನೂ ಕರಗಿಸ್ತೀ…ನಿ ಅಂತ ಬ್ರೇಕಿಗೆ ಹೇಳ್ತಿದ್ಲ…ಲ್ಲ, ಅದು ನೀವು ಕಲಿಸಿ…ದ್ದಾ?"

"ಇಲ್ಲ," ಎಂದಳು ಮೇಷ್ಟ್ರಮ್ಮ. "ಅದು ಅವಳದೇ."

ಮತ್ತೆ ಎರಡು ಸುದ್ದಿ ಒಟ್ಟಿಗೆ ಬಂದವು. ಮುಂಬಾಗಿಲಿನಿಂದ ಬಂದದ್ದು ದೊಡ್ಡ ದನಿಯಲ್ಲಿ, ತೋಳು ಚಾಚಿಕೊಂಡು ಬಂತು. ಹಿತ್ತಲ ಬಾಗಿಲಿನದು ಈ ಸಲವೂ ಚಪ್ಪಲಿ ಕೈಯಲ್ಲಿ ಹಿಡಿದು ಬಂದಿತ್ತು. ಮೇಷ್ಟ್ರಮ್ಮ ಅದನ್ನು ಓಡಿಸಲಿಲ್ಲ. ಒಂದು ಮೂಲೆಯಲ್ಲಿ ಕೂರಿಸಿ, ಇರು, ಆಮೇಲೆ ಮಾತಾಡೋಣ ಎಂದಳು. ಮಗಳನ್ನು ಅಪ್ಪಿಕೊಳ್ಳುವಾಗ ಪೆಪ್ಪರ್‌ಮಿಂಟು ಗಂಟಲಿಗೆ ಇಳಿದು ಕೆಮ್ಮು ಬಂತು, ಕಣ್ಣೀರಿಗೆ ಒಳ್ಳೆಯ ನೆಪವಾಯಿತು.

ಹೊರಡುವ ದಿನ ಗೋಚಿ ಬಸ್ಸಿನಲ್ಲಿ ಬೆಟ್ಟದ ಆಚೆ ಹೋಗಿ, ಆಸ್ಪತ್ರೆಯ ವ್ಯಾನನ್ನು ತಾನೇ ಓಡಿಸಿಕೊಂಡು ಸಾಮಾನು ಒಯ್ಯಲು ಬಂದಳು. ವ್ಯಾನಿನ ಹಿಂಭಾಗದಲ್ಲಿ ಮುಂಗಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಂದು ಆಡು ಇತ್ತು. ದಾರಿಯಲ್ಲಿ ಅದರ ಮನೆಗೆ ಬಿಡಬೇಕಂತೆ.

"ಪೆಟ್ಟಿಗೆಗೆ ಜಾಗ ಇದೆಯಾ ಅಂತ ಇವರನ್ನ ಕೇಳ್ಬೇಕು," ಎಂದು ಟೈಲರ್ ಆಡಿಗೆ ತಲೆಬಾಗಿದ. ಆಡು ಅವನ ತೋಳಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. "ಗಿರಾಕಿಗಳು ಯಾವಾಗ್ಲೂ ಹೀಗೇ. ಹೊಲಿದಿದ್ದರಲ್ಲಿ ತಪ್ಪು ಹುಡುಕ್ತಾರೆ."

ಅವರು ಸಾಮಾನು ತುಂಬುವಾಗ ಮೇಷ್ಟ್ರಮ್ಮ ವ್ಯಾನಿನ ಪಕ್ಕದ ಸೀಟಿಗೆ ಹತ್ತಿ ಕೂತಳು. ಸುಮ್ಮನೆ, ನೋಡೋಣವೆಂದು. ಪಾದ ಮೆಲ್ಲಗೆ ಮುಂದಕ್ಕೆ ಹೋಗಿ ಕೆಳಗೆ ತಡಕಾಡಿತು. ರಬ್ಬರಿನ ಚಾಪೆ. ಅದರ ಮೇಲೆ ಒಂದಿಷ್ಟು ಒಣಹುಲ್ಲು. ಬೇರೇನೂ ಇಲ್ಲ.

ಕಿಟಕಿಯಲ್ಲಿ ಗೋಚಿಯ ಮುಖ ಬಂತು. "ಅಲ್ಲಿ ಏನಿಲ್ಲಮ್ಮ. ಹುಡುಕ್ಬೇಡ."

"ಹುಡುಕ್ತಿಲ್ಲ. ಗಲೀಜಾಗಿದೆ, ಗುಡಿಸ್ಕೋ ಅಂತ ಹೇಳೋಣ ಅಂತಿದ್ದೆ." ಮೇಷ್ಟ್ರಮ್ಮ ಇಳಿದಳು. "ಹೋಗಿ ಮುಟ್ಟಿದ ತಕ್ಷಣ ಫೋನ್ ಮಾಡು."

"ಮಾಡ್ತೀನಿ."

"ಓಡಿಸ್ತಾ ಮಾಡ್ಬೇಡ."

ಗೋಚಿ ಸೊಂಟಕ್ಕೆ ಕೈಯಿಟ್ಟು, ಗಲ್ಲ ಎತ್ತಿ, ಒಂದು ಹುಬ್ಬು ಏರಿಸಿದಳು. ಬೀದಿಯಲ್ಲಿ ಇನ್ನೊಬ್ಬ ಮೇಷ್ಟ್ರಮ್ಮ ನಿಂತಳು. "ಕ್ಲಚ್ಚು ಸಂಬಂಧ ಇದ್ದ ಹಾಗೆ ಸ್ವಾಮಿ. ಬಿಡೋದಾದ್ರೆ ಮೆಲ್ಲಗೆ ಬಿಡಬೇಕು."

"ನಾನು ಹಾಗಾ ಮಾತಾಡೋದು?"

"ಅದಕ್ಕಿಂತ ಜೋರು," ಎಂದ ಟೈಲರ್. ಅವನ ಎಡಗೈಯ ಬೆರಳಿಗೆ ನೀಲಿ ಪಟ್ಟಿಯೊಂದು ಸುತ್ತಿತ್ತು. ಸೂಜಿ ಚುಚ್ಚಿತೆಂದು ಹೇಳಿಕೊಂಡಿದ್ದ.

ವ್ಯಾನು ಹೊರಟಿತು. ಬೀದಿ ನೇರವಾಗಿ ಇಳಿಜಾರಿಗೆ, ಇಳಿಜಾರು ಔಷಧಿ ಅಂಗಡಿಗೆ. ಇಬ್ಬರೂ ಗೇಟಿನ ಬಳಿ ನಿಂತು ನೋಡಿದರು. ವ್ಯಾನು ಚಿಕ್ಕದಾಗುತ್ತಾ ಗೆರೆಯನ್ನು ಸಮೀಪಿಸಿತು, ಅದೇ ಹೊತ್ತಿಗೆ ಅಡ್ಡರಸ್ತೆಯಿಂದ ಒಂದು ಲಾರಿಯ ಮೂತಿ ಕಾಣಿಸಿತು. ಮೇಷ್ಟ್ರಮ್ಮನ ಬಲಗಾಲು ಗೇಟಿನ ಮುಂದಿನ ಜಲ್ಲಿಯನ್ನು ಕರಕರ ಎನ್ನುವಂತೆ ಒತ್ತಿತು.

ಒತ್ತಿ ನೋಡುತ್ತಾಳೆ, ವ್ಯಾನಿನ ಹಿಂದೆ ಎರಡು ಕೆಂಪು ದೀಪಗಳು ಆಗಲೇ ಹೊತ್ತಿಕೊಂಡಿದ್ದವು. ಅವಳ ಕಾಲಿಗಿಂತ ಮುಂಚೆ.

"ಕಾಲಡಿ ಏನು?" ಎಂದ ಟೈಲರ್.

"ಏನಿಲ್ಲ. ಇರುವೆ."

ಲಾರಿ ಹಾದುಹೋಯಿತು. ವ್ಯಾನು ಗೆರೆಯ ಹಿಂದೆಯೇ ನಿಂತು ಆ ಕಡೆ ನೋಡಿತು, ಈ ಕಡೆ ನೋಡಿತು, ಇನ್ನೊಮ್ಮೆ ಆ ಕಡೆ ನೋಡಿತು. ಹಿಂದಿನ ಗಾಜಿನಲ್ಲಿ ಆಡು ಮಾತ್ರ ಇವರ ಕಡೆಯೇ ನೋಡುತ್ತಿತ್ತು. ಆಮೇಲೆ ಕೆಂಪು ದೀಪ ಆರಿತು. ಕ್ಲಚ್ಚು ಮೆಲ್ಲಗೇ ಬಿಟ್ಟಿರಬೇಕು. ವ್ಯಾನು ಒಂದಿಷ್ಟೂ ಕುಲುಕದೆ ಮುಂದಕ್ಕೆ ಸರಿದು, ಬೆಟ್ಟದ ಕಡೆಗೆ ತಿರುಗಿತು.